ವಿಲ್ಮಾಳ ಕೊಳ

ನೆಬ್ರಾಸ್ಕಾದ ಎಲ್ಮರ್ ತನ್ನ ಹೆಂಡತಿ ವಿಲ್ಮಾಳಿಗೆಂದು ಮೆಕ್ಕೆಜೋಳದ ಹೊಲದಲ್ಲಿ ಹೃದಯದಾಕಾರದ ಕೊಳ ತೋಡಿದ. ಅಡುಗೆಮನೆಯ ಕಿಟಕಿಯಿಂದ ನೆಟ್ಟಗೆ ಕಾಣಲೆಂದು ಅದರ ಚೂಪು ತುದಿಯನ್ನು ಮನೆಯಿದ್ದ ಉತ್ತರಕ್ಕೇ ಇಟ್ಟ. ಫೋನಿನ ನಕ್ಷೆಯಲ್ಲಿ ಉತ್ತರ ಯಾವಾಗಲೂ ಮೇಲಿರುತ್ತದೆಂದು ಆ ಪುಣ್ಯಾತ್ಮನಿಗೆ ಹೊಳೆಯಲಿಲ್ಲ. ಉಪಗ್ರಹದ ಚಿತ್ರದಲ್ಲಿ ಹೃದಯ ತಲೆಕೆಳಗಾಗಿತ್ತು. ಕಾಫಿ ಅಂಗಡಿಯಲ್ಲಿ ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏನಯ್ಯಾ ಎಲ್ಮರ್, ಇದು ಹೃದಯಾನೋ ಕುಂಡೀನೋ? ಯಾರ ಅಳತೆ ತಗೊಂಡೆ?"

ಎಲ್ಮರ್ ಧುಮುಗುಡುತ್ತಾ ಮನೆಗೆ ಬಂದವನೇ ಬುಲ್ಡೋಜರ್ ಹತ್ತಿದ. "ಈಗಲೇ ಮುಚ್ಚಿಬಿಡ್ತೀನಿ!"

ವಿಲ್ಮಾ ತಟ್ಟೆ ಒರೆಸುತ್ತಲೇ ಹೊರಗೆ ಬಂದಳು.

"ಇಳಿ ಮಾರಾಯ. ಮನೆಯೊಳಗಿಂದ ನೋಡೋಳಿಗೆ ಅದು ಹೃದಯಾನೇ. ಕಂಡೋರ ಹಿತ್ತಲಿಗೆ ಆಕಾಶದಿಂದ ಇಣುಕೋರಿಗೆ ಇನ್ನೇನು ತೋರಿಸ್ಬೇಕು?"