ಉಪವಾಸದ ಅಲೆ

ಗಾಳಿಯಿಲ್ಲದ ಹೊತ್ತಿನಲ್ಲಿಯೂ ನಮ್ಮೂರ ಬಸದಿಯ ಕೊಳದಲ್ಲಿ ಅಲೆಯೇಳುತ್ತಿತ್ತು. ತಳದಲ್ಲಿ ಯಾವುದೋ ಮೀನು ಮಗ್ಗುಲು ಹೊರಳಿದರೆ ಸಾಕು, ನಡುನೀರಿನಲ್ಲಿ ಒಂದು ಬಳೆ ಹುಟ್ಟಿ, ಅಗಲವಾಗುತ್ತ ಅಗಲವಾಗುತ್ತ, ಯಾವ ಅವಸರವೂ ಇಲ್ಲದೆ ಕೆಳಗಿನ ಮೆಟ್ಟಿಲಿಗೆ ಬಂದು ತಾಕುತ್ತಿತ್ತು. ನಾನು ಎಳೆಯವನಾಗಿದ್ದಾಗ ಅಕ್ಕ ನನ್ನನ್ನು ಆ ಮೆಟ್ಟಿಲಿನ ಮೇಲೆ ಕೂರಿಸಿಕೊಂಡು ಅದನ್ನು ತೋರಿಸುತ್ತಿದ್ದಳು. ನಾನು ಏನಾದರೂ ಕೇಳಹೋದರೆ ಅಂಗೈಯಿಂದ ನನ್ನ ಬಾಯಿ ಮುಚ್ಚಿ, "ಇನ್ನೂ ದಡ ಮುಟ್ಟಲಿಲ್ಲ, ಮಾತಾಡಬೇಡ" ಎನ್ನುತ್ತಿದ್ದಳು.

ಅಕ್ಕನ ಹೆಸರು ಮರುದೇವಿ. ಊರಿಗೆಲ್ಲ ಮರುದೇವಕ್ಕ. ಚತುರ್ದಶಿಯ ದಿನ ಆಕೆ ಅನ್ನವಿರಲಿ, ನೀರನ್ನೂ ಮುಟ್ಟುತ್ತಿರಲಿಲ್ಲ. ಹೊಸದಾಗಿ ವ್ರತ ಹಿಡಿಯುವ ಹೆಂಗಸರು ಮೊದಲು ಬಂದು ಆಕೆಯ ಕೈಯಿಂದ ಅಕ್ಷತೆ ಹಾಕಿಸಿಕೊಂಡು ಹೋಗುವುದು ವಾಡಿಕೆಯಾಗಿತ್ತು. ಯಾರದಾದರೂ ಮನಸ್ಸು ಕದಲದು ಎನ್ನಬೇಕಾದರೆ, "ಅದು ಮರುದೇವಕ್ಕನ ಚತುರ್ದಶಿ" ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗ ಅಕ್ಕ ಕೇಳಿಸದವಳಂತೆ ಸೆರಗು ಸರಿಪಡಿಸಿಕೊಳ್ಳುತ್ತಿದ್ದಳು. ಆ ಸರಿಪಡಿಸುವಿಕೆಯಲ್ಲಿ ಒಂದು ಸಣ್ಣ ಸಂತೋಷವಿತ್ತೆಂಬುದನ್ನು ತಮ್ಮನಾದ ನಾನು ಮಾತ್ರ ಬಲ್ಲವನಾಗಿದ್ದೆ.

ಕೊಳದ ಆಚೆಯ ದಂಡೆಯಲ್ಲಿ ವೈದ್ಯಸಂಘದ ಸಭಾಮಂದಿರ. ಅನ್ನ ಗಂಟಲಿನಿಂದ ಇಳಿದು ಜಠರವನ್ನು ಹೊಕ್ಕು ಕರುಳಿನಲ್ಲಿ ಹೇಗೆ ಸಾಗುತ್ತದೆ, ಎಲ್ಲಿ ತಡೆಯುತ್ತದೆ, ಏಕೆ ನಿಲ್ಲುತ್ತದೆ ಎಂಬುದನ್ನೇ ಶೋಧಿಸುತ್ತಿದ್ದ ಸಂಘವದು. ವರ್ಷಕ್ಕೊಮ್ಮೆ ಸದಸ್ಯರೆಲ್ಲ ಕೂಡಿ, ಆ ವರ್ಷ ಏನನ್ನು ಹೊಸದಾಗಿ ಅರಿತೆವು, ಯಾರಿಗೆ ಕಲಿಸಿದೆವು ಎಂದು ವರದಿ ಒಪ್ಪಿಸುತ್ತಿದ್ದರು. ಹಳಗನ್ನಡ ಕಾವ್ಯವನ್ನು ಪಾಠ ಹೇಳಿಕೊಂಡಿದ್ದ ನನಗೆ ಅಲ್ಲಿ ಎರಡು ಕೆಲಸ: ಆರಂಭದ ಸ್ತುತಿಯನ್ನು ಹಾಡುವುದು, ವರದಿಯನ್ನು ಓದಬಲ್ಲ ಕನ್ನಡಕ್ಕೆ ತರುವುದು. ಕರುಳು ಅಲೆಯಲೆಯಾಗಿ ಅನ್ನವನ್ನು ಮುಂದೂಡುವುದಕ್ಕೆ 'ಕ್ರಮಾಕುಂಚನ' ಎಂದು ಬರೆದುಕೊಟ್ಟಾಗ ಡಾಕ್ಟರ್ ಹೈಮವತಿ ನಕ್ಕು, "ಪಂಡಿತರೇ, ಈ ಪದವನ್ನು ನುಂಗಿದರೆ ಕೆಳಗೆ ಇಳೀತದಾ?" ಎಂದಿದ್ದರು. ಸಭೆಯ ಊಟ ದೀಪ ಹಚ್ಚಿದ ಮೇಲೆ. ಸೂರ್ಯಾಸ್ತವಾದ ಬಳಿಕ ಉಣ್ಣುವುದು ನಮ್ಮ ಧರ್ಮಕ್ಕೆ ಸಲ್ಲದು. ಹೀಗಾಗಿ ಪ್ರತಿವರ್ಷವೂ ಸ್ತುತಿ ಹಾಡಿ, ವರದಿ ಕೇಳಿ, ಬರಿಹೊಟ್ಟೆಯಲ್ಲಿ ಮನೆಗೆ ಮರಳುತ್ತಿದ್ದೆ.

ಹೈಮವತಿಯವರು ಸಂಘದಲ್ಲಿ ಒಂದು ತರಗತಿ ನಡೆಸುತ್ತಿದ್ದರು. ಎಳೆಯ ವೈದ್ಯರು, ದಾದಿಯರು ಅಲ್ಲಿಗೆ ಬರುತ್ತಿದ್ದರು. ಎರಡು ತುತ್ತು ಉಂಡರೆ ವಾಂತಿಯಾಗುವವರು, ಹೊಟ್ಟೆ ಕಲ್ಲಾಯಿತೆಂದು ಅಳುತ್ತ ಕಡ್ಡಿಯಂತಾಗುವವರು, ಎಷ್ಟು ಪರೀಕ್ಷಿಸಿದರೂ ಹುಣ್ಣಾಗಲಿ ಗಡ್ಡೆಯಾಗಲಿ ಸಿಗದವರು: ಇಂಥವರ ನೋವನ್ನು ಹೇಗೆ ತಿಳಿಯಬೇಕೆಂಬುದೇ ಅಲ್ಲಿನ ಪಾಠ. ಸಂಘದ ಅಧ್ಯಕ್ಷರಾಗಿದ್ದ ಡಾಕ್ಟರ್ ಸರ್ವೋತ್ತಮರಾಯರು ಕೆಟ್ಟವರಲ್ಲ, ಆದರೆ ಕಣ್ಣಿಗೆ ಕಾಣದ್ದನ್ನು ನಂಬುವವರಲ್ಲ. "ಇದೆಲ್ಲ ಮನಸ್ಸಿನ ಆಟ ಹೈಮವತಿ. ಆಟಕ್ಕೆಲ್ಲ ತರಗತಿ ಯಾಕೆ? ಸಮಾಧಾನ ಹೇಳಿ ಮನೆಗೆ ಕಳಿಸಿದರೆ ಆಯ್ತು" ಎನ್ನುತ್ತಿದ್ದರು. ಆ ವರ್ಷ ತರಗತಿಯನ್ನು ಮುಚ್ಚುವ ಸೂಚನೆ ಸಭೆಯ ಮುಂದೆ ಬರುವುದಿತ್ತು. ಜೀವಂತ ಹೊಟ್ಟೆಯ ಚಲನೆಯನ್ನು ಎಲ್ಲರ ಕಣ್ಣೆದುರು ತೋರಿಸುತ್ತೇನೆ, ಆಮೇಲೆ ನಿರ್ಣಯಿಸಿ ಎಂದು ಹೈಮವತಿ ಬೇಡಿಕೊಂಡಿದ್ದರು.

"ಬರಿಹೊಟ್ಟೆ ಸುಮ್ಮನಿರುವುದಿಲ್ಲ ಪಂಡಿತರೇ" ಎಂದು ಅವರು ನನಗೆ ವಿವರಿಸಿದರು. "ಸ್ವಲ್ಪ ಹೊತ್ತು ನಿದ್ದೆ ಹೋಗ್ತದೆ. ಆಮೇಲೆ ಮೇಲಿಂದ ಕೆಳಗಿನವರೆಗೂ ಒಂದು ದೊಡ್ಡ ಅಲೆ ಬರ್ತದೆ, ಮನೆ ಗುಡಿಸಿದ ಹಾಗೆ. ಮತ್ತೆ ನಿದ್ದೆ, ಮತ್ತೆ ಅಲೆ. ಊಟ ಇಳಿದರೆ ಅದು ನಿಂತುಹೋಗ್ತದೆ. ನನಗೆ ನಿಜವಾದ ಉಪವಾಸದವರು ಬೇಕು. ನಮ್ಮವರನ್ನು ಕೇಳಿದರೆ ಕಾಫಿ ಕುಡಿದು ಬಂದು ಕುಡಿದಿಲ್ಲ ಅಂತಾರೆ."

ಸಭೆ ಚತುರ್ದಶಿಯಂದೇ ಬಂದಿತ್ತು. ನಾನು ಅಕ್ಕನ ಹೆಸರು ಹೇಳಿದೆ.

ಮೂಗಿನ ಮೂಲಕ ಸಣ್ಣದೊಂದು ಕೊಳವೆಯನ್ನು ಇಳಿಸುತ್ತಾರೆಂದಾಗ ಅಕ್ಕ ಗಲ್ಲಕ್ಕೆ ಬೆರಳಿಟ್ಟು ಯೋಚಿಸಿದಳು. "ನೀರು ಕುಡಿಸ್ತಾರಾ?"

"ಇಲ್ಲ. ಉಗುಳು ನುಂಗಿದರೆ ಸಾಕಂತೆ."

"ಉಗುಳು ನುಂಗಲಿಕ್ಕೆ ಯಾರ ಅಪ್ಪಣೆಯೂ ಬೇಡ. ರುಚಿ ಇಲ್ಲದ್ದು, ಹಸಿವು ತಣಿಸದ್ದು ಆಹಾರ ಹೇಗಾಗ್ತದೆ? ನೀನು ಪಂಡಿತ, ನೀನೇ ಹೇಳು." ನಾನು ಬಾಯಿ ತೆರೆಯುವಷ್ಟರಲ್ಲಿ ಕೈಯಡ್ಡ ಹಿಡಿದಳು. "ಬೇಡ ಮಾರಾಯ, ನೀನು ಶುರುಮಾಡಿದರೆ ಮುಂದಿನ ಚತುರ್ದಶಿ ಬರ್ತದೆ. ಬರ್ತೇನೆ ಅಂತ ಹೇಳು. ಮರುದೇವಿಯ ಹೊಟ್ಟೆ ಏನನ್ನೂ ಕೇಳುವುದಿಲ್ಲ ಅಂತ ನಾಲ್ಕು ಜನ ನೋಡಲಿ."

ಈ ಸುದ್ದಿ ತಿಳಿದು ಸರ್ವೋತ್ತಮರಾಯರಿಗೆ ನನ್ನ ಮೇಲೂ ಕನಿಕರ ಹುಟ್ಟಿತು. "ಪಂಡಿತರೇ, ಇಷ್ಟು ವರ್ಷ ನಿಮ್ಮನ್ನು ಹಸಿದ ಹೊಟ್ಟೆಯಲ್ಲೇ ಕಳಿಸಿದ್ದೇವೆ. ಈ ಸಲ ಹೊತ್ತು ಮುಳುಗುವ ಮೊದಲೇ ಎಲೆ ಹಾಕಿಸ್ತೇನೆ. ನಿಮ್ಮ ಮನೆಯ ಒಂದು ಸಿಹಿಯನ್ನೂ ಹೇಳಿ" ಎಂದರು. ಅಕ್ಕನಂತೆ ಪೂರ್ಣೋಪವಾಸ ಮಾಡುವ ಶಕ್ತಿ ನನಗಿರಲಿಲ್ಲ. ಚತುರ್ದಶಿಯಂದು ಒಂದೇ ಹೊತ್ತಿನ ಊಟ ನನ್ನ ನಿಯಮ. ಆ ಒಂದು ಊಟ ಇಲ್ಲಿಯೇ ಆಗಲೆಂದುಕೊಂಡು, ನಮ್ಮ ತಾಯಿ ಮಾಡುತ್ತಿದ್ದ ಹೆಸರುಬೇಳೆ ಪಾಯಸವನ್ನು ಹೇಳಿದೆ. ಈ ಮರ್ಯಾದೆಯಿಂದ ಏನಾದೀತೆಂದು ಅಷ್ಟು ಮಂದಿ ಜಠರತಜ್ಞರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಅಂದು ಬೆಳಿಗ್ಗೆ ಸಭಾಮಂದಿರದಲ್ಲಿ ನಾವು ಮೂವರೇ. ಮಂಚದ ಮೇಲೆ ಅಕ್ಕ ಒರಗಿದ್ದಳು. ಕೊಳವೆಯ ಇನ್ನೊಂದು ತುದಿ ಒಂದು ಯಂತ್ರವನ್ನು ಸೇರಿತ್ತು. ಅದರಲ್ಲಿ ಒಂದರ ಕೆಳಗೊಂದು ಲೇಖನಿಗಳು, ಅವುಗಳಡಿಯಲ್ಲಿ ಮೆಲ್ಲಗೆ ಸರಿಯುವ ಕಾಗದ. ಮೇಲಿನ ಲೇಖನಿ ಜಠರದ ಒತ್ತಡವನ್ನು ಬರೆಯುತ್ತದೆ, ಕೆಳಗಿನವು ಕರುಳಿನವು ಎಂದರು ಹೈಮವತಿ. ಬಹಳ ಹೊತ್ತು ಗೆರೆಗಳು ನಿದ್ದೆಯಲ್ಲಿದ್ದುವು. ಹೊರಗೆ ಮಂಜು, ಮಂಜಿನೊಳಗೆ ಕೊಳ, ಕೊಳದಾಚೆ ಬಸದಿಯ ಗಂಟೆ. ನನಗೂ ಕಣ್ಣೆಳೆಯುತ್ತಿತ್ತು. ಆಗ ಮೇಲಿನ ಲೇಖನಿ ಒಮ್ಮೆ ಉಸಿರೆಳೆದಂತೆ ಎದ್ದಿತು, ಮತ್ತೆ ಮತ್ತೆ ಎದ್ದಿತು. ಅದು ತಣ್ಣಗಾಗುತ್ತಿದ್ದಂತೆ ಅದರ ಕೆಳಗಿನದು, ಆಮೇಲೆ ಅದರ ಕೆಳಗಿನದು. ಯಾರೂ ಕರೆಯದೆ ಬಂದ, ಯಾರೂ ತಡೆಯದೆ ಹೋದ ಆ ಚಲನೆಯನ್ನು ಕಂಡು ನನ್ನ ಕೈಗಳು ತಾವಾಗಿ ಮುಗಿದುವು. ಅಕ್ಕ ಅರೆಗಣ್ಣಿನಲ್ಲಿ ಕಾಗದವನ್ನು ನೋಡಿ, "ನಮ್ಮ ಕೊಳವೇ ಅಲ್ಲವಾ ಇದು!" ಎಂದು ಗೊಣಗಿದಳು.

ಮಧ್ಯಾಹ್ನಕ್ಕೆ ಸಭೆ ತುಂಬಿತು. ಹಿಂದಿನ ಸಾಲುಗಳಲ್ಲಿ ಬಸದಿಯ ಹೆಂಗಸರೂ ಬಂದು ಕುಳಿತಿದ್ದರು. ನಾನು ಸ್ತುತಿ ಹಾಡಿದೆ. ಅಧ್ಯಕ್ಷರು ಭಾಷಣ ಮಾಡಿದರು. ಮುಂದಿನ ಅಲೆ ಏಳುವ ಹೊತ್ತಾಯಿತೆಂದು ಹೈಮವತಿ ಎಲ್ಲರನ್ನೂ ಯಂತ್ರದ ಸುತ್ತ ಕರೆದರು.

ಅಲೆ ಬರಲಿಲ್ಲ. ಲೇಖನಿಗಳು ಅಲ್ಲೊಮ್ಮೆ ಇಲ್ಲೊಮ್ಮೆ ಕ್ರಮವಿಲ್ಲದೆ ತೊದಲಿ ಸುಮ್ಮನಾದುವು. ಹೈಮವತಿ ಕೊಳವೆಯನ್ನು ನೋಡಿದರು, ಯಂತ್ರವನ್ನು ನೋಡಿದರು. 

"ಏನು ಹೈಮವತಿ, ನಿಮ್ಮ ಅಲೆ ಊಟಕ್ಕೆ ಹೋಯ್ತಾ?" ಎಂದರು ಸರ್ವೋತ್ತಮರಾಯರು. ಸಭೆ ನಕ್ಕಿತು. ನಗೆ ಅಡಗಿದ ಮೇಲೆ ಹಿಂದಿನ ಸಾಲಿನಿಂದ ಒಂದು ಪಿಸುಮಾತು ಕೇಳಿಬಂತು: "ಗುಟ್ಟಾಗಿ ಏನಾದರೂ ತಿಂದಳೋ ಏನೋ."

ಹೈಮವತಿ ಮಂಚದ ಬಳಿ ಬಗ್ಗಿ ಮೆಲುದನಿಯಲ್ಲಿ ಕೇಳಿದರು: "ಅಮ್ಮಾ, ಬಾಯಿಗೆ ಏನಾದರೂ...?"

ಅಕ್ಕ ತಲೆಯಲ್ಲಾಡಿಸಿದಳು. "ನೀರೂ ಮುಟ್ಟಿಲ್ಲ" ಎಂದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಊರು ಆಕೆಯನ್ನೇ ನಂಬುತ್ತಿತ್ತು. ತಪ್ಪು ಯಂತ್ರದ ತಲೆಗೆ ಹೋಗುತ್ತಿತ್ತು, ತರಗತಿಯ ಬಾಗಿಲು ಮುಚ್ಚುತ್ತಿತ್ತು. ಅಕ್ಕ ಕೊಳವೆಯನ್ನು ಮತ್ತೆ ಮತ್ತೆ ತಡವುತ್ತಿದ್ದ ಹೈಮವತಿಯವರ ಬೆರಳುಗಳನ್ನು ನೋಡಿದಳು. ಅನಂತರ ಹಿಂದಿನ ಸಾಲಿಗೂ ಕೇಳುವಂತೆ, ಕೊಳವೆಯಿಂದ ಗುಂಯ್‌ಗುಡುತ್ತಿದ್ದ ದನಿಯಲ್ಲಿ ನುಡಿದಳು:

"ಹಿಂದುಗಡೆ ತುಪ್ಪದಲ್ಲಿ ಬೇಳೆ ಹುರೀತಿದ್ದಾರೆ ಡಾಕ್ಟರಮ್ಮ. ಆ ಪರಿಮಳ ಬಂದಾಗಿನಿಂದ ನಾನು ಮನಸ್ಸಿನಲ್ಲಿ ಪಾಯಸ ತಿಂತಾನೇ ಇದ್ದೇನೆ. ತೀರಿಹೋದ ಅಮ್ಮನ ನೆನಪಾಯ್ತು ಅಂದರೆ ನೀವೆಲ್ಲ ಒಪ್ಪೀರಿ. ಅದು ಸುಳ್ಳು. ನನಗೆ ಬೇಕಾದದ್ದು ಪಾಯಸವೇ. ಅದೂ ಒಂದು ಬಟ್ಟಲಲ್ಲ, ಎರಡು."

ಯಾರೂ ನಗಲಿಲ್ಲ. ಮಾಡಿದ ದೋಷವನ್ನು ಬಾಯಿಬಿಟ್ಟು ಹೇಳಿ ಹಿಂದಿರುಗುವ ಪ್ರತಿಕ್ರಮಣವನ್ನು ನಾವು ಬಸದಿಯಲ್ಲಿ ಕಣ್ಣುಮುಚ್ಚಿ, ಕಂಠಪಾಠದ ಮಾತುಗಳಲ್ಲಿ ಮಾಡುತ್ತಿದ್ದೆವು. ಮೂಗಿನಲ್ಲಿ ಕೊಳವೆಯಿಟ್ಟುಕೊಂಡು, ತನ್ನನ್ನು ಪೂಜಿಸುವವರ ಎದುರಿನಲ್ಲಿ, ಪಾಯಸದ ಹೆಸರೆತ್ತಿ ಅದನ್ನು ಮಾಡಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಹೈಮವತಿ ಒಮ್ಮೆಲೇ ಕಾಗದವನ್ನು ಹಿಂದಕ್ಕೆಳೆದು ಹುಡುಕತೊಡಗಿದರು. ಒಂದೆಡೆ ಮೇಲಿನ ಲೇಖನಿ ಅಲೆಯನ್ನು ಎತ್ತಿಕೊಂಡು, ಕೆಳಗಿನದಕ್ಕೆ ಕೊಡದೆ ಅರ್ಧದಲ್ಲೇ ಕೈಬಿಟ್ಟಿತ್ತು. ಅದರ ಪಕ್ಕದಲ್ಲಿ, ಅಧ್ಯಕ್ಷರು ಮಾತಿಗೆ ಎದ್ದರೆಂದು ಹೈಮವತಿಯವರೇ ಗುರುತು ಹಾಕಿದ್ದರು. ಅಡುಗೆಯವನನ್ನು ಕರೆಸಿದರು.

"ಬೇಳೆ ಯಾವಾಗ ಹುರಿಯಲಿಕ್ಕೆ ಹಾಕಿದ್ದು?"

ಅವನು ಗಾಬರಿಯಿಂದ ಸೌಟನ್ನು ಬೆನ್ನ ಹಿಂದೆ ಮರೆಮಾಡಿಕೊಂಡ. "ಅಧ್ಯಕ್ಷರು ಭಾಷಣಕ್ಕೆ ನಿಂತರು ಅಂತ ಗೊತ್ತಾದ ಕೂಡಲೇ ಹಾಕಿದೆ ಅಮ್ಮ. ಅವರು ಮುಗಿಸುವಷ್ಟರಲ್ಲಿ ಪಾಯಸ ಆಗ್ತದೆ ಅಂತ."

ಈಗ ಸಭೆ ಬಿದ್ದು ಬಿದ್ದು ನಕ್ಕಿತು. ಸರ್ವೋತ್ತಮರಾಯರೂ ನಕ್ಕು, "ಅಲೆ ನಿಂತದ್ದು ನನ್ನ ಭಾಷಣದಿಂದ ಅಲ್ಲವಷ್ಟೇ!" ಎಂದರು. ಹೈಮವತಿ ಮಾತ್ರ ನಗದೆ ಕಾಗದವನ್ನು ಅವರ ಮುಂದೆ ಹಿಡಿದರು.

"ಮನಸ್ಸಿನ ಆಟ ಅಂದಿರಿ ಸರ್. ಹೌದು. ಆ ಆಟ ಇಲ್ಲಿ ಬರೆದಿದೆ, ನೋಡಿ. ಒಂದು ಹನಿಯೂ ಒಳಗೆ ಹೋಗದೆ, ಬರೀ ಆಸೆಗೆ ಹೊಟ್ಟೆ ತನ್ನ ಕೆಲಸ ಬಿಟ್ಟು ಕಾದು ನಿಂತಿದೆ. ಹಾಗಾದರೆ ಭಯಕ್ಕೋ ದುಃಖಕ್ಕೋ ನಿಂತ ಹೊಟ್ಟೆಯನ್ನು ನಾಟಕ ಅಂತ ಹೇಗೆ ಮನೆಗೆ ಕಳಿಸೋದು?"

ರಾಯರು ಕನ್ನಡಕವನ್ನು ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ನಿಂತದ್ದನ್ನು ತೋರಿಸಿದಿರಿ. ವಾಸನೆ ಹೋದ ಮೇಲೆ ಮತ್ತೆ ಹೊರಟರೆ ಒಪ್ತೇನೆ" ಎಂದು, ಪಾಯಸದ ಕೊಪ್ಪರಿಗೆಯನ್ನು ಆಚೆ ದಂಡೆಗೆ ಸಾಗಿಸಲು ಅಪ್ಪಣೆ ಮಾಡಿದರು. ಕೊಳದ ಕಡೆಯ ಕಿಟಕಿಗಳನ್ನೆಲ್ಲ ತೆರೆದರು. ನೀರಿನ ತಂಪು ಒಳಗೆ ಬಂತು. ಹಾಕಿದ ಎಲೆಗಳು ಹಾಗೆಯೇ ಉಳಿದುವು. ಸಭೆಗೆ ಸಭೆಯೇ ಉಪವಾಸ ಕುಳಿತಂತೆ ಕಾಯುತ್ತಿತ್ತು. ಬಿಸಿಲು ಗೋಡೆಯಿಂದ ನೆಲಕ್ಕಿಳಿದು, ನೆಲದಿಂದ ಹೊಸ್ತಿಲಿಗೆ ಸರಿದು, ಹೊಸ್ತಿಲಿನಾಚೆ ಕರಗಿತು. ಕುಳಿತಲ್ಲೇ ತೂಕಡಿಸುತ್ತಿದ್ದ ನನಗೆ ಕೊಳವೇ ಒಳಗೆ ಬಂದು ಮಂಚದ ಕಾಲುಗಳನ್ನು ನೆನೆಸುತ್ತಿರುವಂತೆ ತೋರಿತು.

ಮೇಲಿನ ಲೇಖನಿ ಅಲುಗಿತು.

ಒಮ್ಮೆ, ಮತ್ತೊಮ್ಮೆ, ಬಳಿಕ ಬಲವಾಗಿ. ರಾಯರು ಮುಂದೆ ಬಾಗಿ ಏನನ್ನೋ ಹೇಳಲು ಬಾಯಿ ತೆರೆದರು. ಮಂಚದಿಂದ ಅಕ್ಕನ ಅಂಗೈ ಮೇಲೆದ್ದಿತು.

"ಇನ್ನೂ ದಡ ಮುಟ್ಟಲಿಲ್ಲ, ಮಾತಾಡಬೇಡಿ."

ಅಷ್ಟು ದೊಡ್ಡ ಸಂಘದ ಅಧ್ಯಕ್ಷರು ತೆರೆದ ಬಾಯಿಯನ್ನು ಮುಚ್ಚಿಕೊಂಡರು. ಅಲೆ ಲೇಖನಿಯಿಂದ ಲೇಖನಿಗೆ ಇಳಿಯಿತು. ಕಟ್ಟಕಡೆಯದು ಎದ್ದು, ಕುಣಿದು, ಮಲಗಿದ ಮೇಲೆ ಅಕ್ಕ ಕೈಯನ್ನು ಕೆಳಗಿಳಿಸಿದಳು. ರಾಯರು ತಗ್ಗಿದ ದನಿಯಲ್ಲಿ, "ತರಗತಿ ನಡೀಲಿ. ಮೊದಲನೇ ಪಾಠಕ್ಕೆ ನಾನೂ ಬಂದು ಕೂತ್ಕೋತೇನೆ" ಎಂದರು. ಹೊರಗೆ ಸೂರ್ಯ ಮುಳುಗಿದ್ದ. ನನಗಾಗಿ ಹಾಕಿದ್ದ ಎಲೆಯನ್ನು ಆ ವರ್ಷವೂ ಮಡಚಿಟ್ಟರು.

ಕೊಳವೆ ತೆಗೆದ ಮೇಲೆ ಅಕ್ಕ ನನ್ನೊಡನೆ ಕೊಳದ ದಂಡೆ ಬಳಸಿ ಮನೆಗೆ ನಡೆದಳು. ಮನೆಯ ಬಾಗಿಲಿನಲ್ಲಿ, "ಇನ್ನು ಯಾರೂ ಅಕ್ಷತೆಗೆ ಬರುವುದಿಲ್ಲ ತಮ್ಮಾ" ಎಂದಳು, ಅಷ್ಟೇ. ಕೆಲವರು ಬರಲಿಲ್ಲ, ನಿಜ. ಬೀದಿಯಲ್ಲಿ "ಪಾಯಸದಕ್ಕ" ಎಂಬ ಹೆಸರೂ ಹುಟ್ಟಿಕೊಂಡಿತು. ಆದರೆ ಮುಂದಿನ ಚತುರ್ದಶಿಗೆ ಮೊದಲು ಒಬ್ಬ ಹೊಸ ಸೊಸೆ ಬಂದು ಹೊಸ್ತಿಲಿನಲ್ಲೇ ನಿಂತು ಕೇಳಿದಳು: "ಅಕ್ಕಾ, ನಿಮಗೂ ಆಸೆ ಆಗ್ತದಂತೆ, ಹೌದಾ?"

"ಆಗ್ತದೆ. ಕಾಗದದಲ್ಲೇ ಬಂದಿದೆ" ಎಂದಳು ಅಕ್ಕ.

"ಹಾಗಾದರೆ ನಾನೂ ವ್ರತ ಹಿಡೀಬಹುದು" ಎಂದು ಆ ಹುಡುಗಿ ಸೆರಗೊಡ್ಡಿದಳು. ಅಕ್ಕ ಅಕ್ಷತೆ ಹಾಕಿದಳು. ಸೆರಗು ಸರಿಪಡಿಸಿಕೊಳ್ಳುವುದನ್ನು ಆಕೆ ಮರೆತಿದ್ದಳು.

ಅಕ್ಕ ಈಗಿಲ್ಲ. ಹೊತ್ತು ಇಳಿಯುವ ಮುನ್ನ ನಾನೊಬ್ಬನೇ ಕೊಳದ ಮೆಟ್ಟಿಲಿನ ಮೇಲೆ ಕೂರುತ್ತೇನೆ. ಆಚೆ ದಂಡೆಯ ತರಗತಿಯಿಂದ ಯಾರೋ ಪಾಠ ಹೇಳುವ ದನಿ ನೀರಿನ ಮೇಲೆ ತೇಲಿಬರುತ್ತದೆ. ನಡುನೀರಿನಲ್ಲಿ ಒಂದು ಬಳೆ ಹುಟ್ಟುತ್ತದೆ. ಯಾರಾದರೂ ಬಂದು ಪಕ್ಕದಲ್ಲಿ ಕುಳಿತು ಏನಾದರೂ ಕೇಳಿದರೆ, ಅದು ಬಂದು ಕೆಳಗಿನ ಮೆಟ್ಟಿಲನ್ನು ತಾಕುವವರೆಗೆ ನಾನು ಉತ್ತರ ಕೊಡುವುದಿಲ್ಲ.