ಮೂವತ್ತಾರು ಪಾಯಿಂಟ್ ಆರು

ಆರು ಎಂಬ ಅಂಕಿಯನ್ನು ತಾನು ಈಚೆಗೆ ತುಂಬ ಚೆಂದವಾಗಿ ಬರೆಯುತ್ತಿದ್ದೇನೆ ಎಂಬುದು ನುರಿಜಾಳ ಚಿಂತೆ. ಬೆಳಿಗ್ಗೆ ಚಹಾ ಕುದಿಯುವಷ್ಟರಲ್ಲಿ ಡೈರಿ ತೆಗೆದು ಅಷ್ಟನ್ನೇ ಬರೆದಳು: ‘ನನ್ನ ಆರು ದುಂಡಗಾಗ್ತಿದೆ. ನನಗೆ ಭಯ ಆಗ್ತಿದೆ.’ ಬರೆದು, ಯಾರೋ ಇಣುಕಿದರೇನೋ ಎಂಬಂತೆ ಮುಚ್ಚಿಟ್ಟಳು.

ಆ ಚಳಿಗಾಲ ನರಿನ್ ಬೆಟ್ಟಸೀಮೆಯ ಹಳ್ಳಿಗಳಲ್ಲಿ ಸಾಂಕ್ರಾಮಿಕದ ಭಯಕ್ಕೆ ಒಂದನೇ ತರಗತಿಗೆ ಮಾತ್ರ ಶಾಲೆ ತೆರೆದಿತ್ತು. ಇಪ್ಪತ್ತೆಂಟು ಮಕ್ಕಳು. ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಹಣೆಗೂ ಥರ್ಮಾಮೀಟರ್ ಹಿಡಿದು ಪುಸ್ತಕದಲ್ಲಿ ಬರೆಯುವುದು ನುರಿಜಾಳ ಕೆಲಸ. ಆದರೆ ಹಿಮದಲ್ಲಿ ಅರ್ಧ ಗಂಟೆ ನಡೆದು ಬಂದ ಮಕ್ಕಳ ಹಣೆ ಬಾವಿಯ ಕಲ್ಲಿನಂತೆ ಕೊರೆಯುತ್ತಿತ್ತು. ಯಂತ್ರ ಅಂಕಿಯನ್ನೇ ತೋರಿಸದೆ ಎರಡು ಗೆರೆ ಎಳೆದು ಸುಮ್ಮನಾಗುತ್ತಿತ್ತು. ಮೊದಲ ದಿನ ಅವಳು ಪುಟವನ್ನು ಖಾಲಿ ಬಿಟ್ಟಿದ್ದಳು.

“ಖಾಲಿ ಬಿಟ್ರೆ ಶಾಲೆ ಮುಚ್ಚಿಸ್ತಾರೆ ಕಣೆ,” ಎಂದಿದ್ದರು ಮುಖ್ಯೋಪಾಧ್ಯಾಯಿನಿ ಕಲಿಮಾ ಎಜೆ. “ನಡ್ಕೊಂಡು ಬಂದಿದಾವೆ, ಕಿತ್ತಾಡ್ಕೊಂಡು ಬಂದಿದಾವೆ. ಮೂವತ್ತಾರು ಪಾಯಿಂಟ್ ಆರು ಅಂತ ಬರಿ. ಚೆನ್ನಾಗಿರೋರ ಮೈ ಬಿಸಿ ಅಷ್ಟೇ ಅಲ್ವಾ?”

ಎಜೆ ಎಂದರೆ ಅಕ್ಕ. ಊರಿಗೆಲ್ಲ ಅವರು ಅಕ್ಕ; ನುರಿಜಾಳಿಗಂತೂ ತಾಯಿಯ ಚಿಕ್ಕಪ್ಪನ ಮಗಳು. ಸಾಹಿತ್ಯದ ಪದವಿ ಹಿಡಿದು ಎರಡು ವರ್ಷ ಮನೆಯಲ್ಲಿ ಕೂತಿದ್ದವಳನ್ನು ಕೈಹಿಡಿದು ಶಾಲೆಗೆ ಕರೆತಂದವರು. ಅವರಿಗೆ ಎದುರಾಡುವುದು ಹೇಗೆಂದು ನುರಿಜಾಳಿಗೆ ಯಾರೂ ಕಲಿಸಿರಲಿಲ್ಲ. ಬರೆದಳು.

ಬರೆಯುತ್ತಾ ಬರೆಯುತ್ತಾ ಮೂರು ವಾರವಾಯಿತು. ತರಗತಿಯ ಕಿಟಕಿಗಳಿಗೆ ಪ್ರತಿವರ್ಷದಂತೆ ಅಕ್ಟೋಬರಿನಲ್ಲೇ ಹತ್ತಿ ತುರುಕಿ, ಹಿಟ್ಟಿನ ಅಂಟಿನಲ್ಲಿ ಹಳೆಯ ಪತ್ರಿಕೆಯ ಪಟ್ಟಿ ಮೆತ್ತಿದ್ದಾಗಿತ್ತು. ಏಪ್ರಿಲ್‌ವರೆಗೆ ಅವು ತೆರೆಯುವುದಿಲ್ಲ. ಮೂಲೆಯಲ್ಲಿ ಕಲ್ಲಿದ್ದಲ ಒಲೆ. ಮಕ್ಕಳ ಉಸಿರು ಗಾಜಿಗೆ ಹತ್ತಿ ಒಳಗಡೆಯೇ ಮಂಜುಗಟ್ಟುತ್ತಿತ್ತು. ಯಾರೋ ತಮ್ಮನ್ನೆಲ್ಲ ಸೀಸೆಗೆ ಹಾಕಿ ಬಿರಡೆ ಬಿಗಿದಂತೆ ಅವಳಿಗೆ ಅನಿಸುತ್ತಿತ್ತು.

ಸೋಮವಾರ ಎರಡನೇ ಪಾಠದ ಹೊತ್ತಿಗೆ ಪುಟ್ಟ ಆಯ್ಪೆರಿ ಮೇಜಿಗೆ ತಲೆಯಾನಿಸಿ ಮಲಗಿದಳು. ಈಗ ಯಂತ್ರಕ್ಕೆ ಅಂಕಿ ಸಿಕ್ಕಿತು: ಮೂವತ್ತೆಂಟು ಪಾಯಿಂಟ್ ನಾಲ್ಕು. ನುರಿಜಾ ಎಜೆಯ ಕಚೇರಿಗೆ ಓಡಿದಳು.

“ಒಲೆ ಪಕ್ಕ ಕೂರಿಸಿದ್ರೆ ಇನ್ನೇನಾಗತ್ತೆ?” ಎಂದರು ಎಜೆ, ತಲೆ ಎತ್ತದೆ. “ಜಾಗ ಬದಲಾಯಿಸು.”

ಬದಲಾಯಿಸಿದಳು. ಮರುದಿನ ಆಯ್ಪೆರಿ ಬರಲಿಲ್ಲ. ಆದರೂ ಅವಳ ಹೆಸರಿನ ಮುಂದೆ ನುರಿಜಾಳ ಕೈ ತಾನಾಗಿಯೇ ಮೂವತ್ತಾರು ಪಾಯಿಂಟ್ ಆರು ಎಂದು ಬರೆದುಬಿಟ್ಟಿತ್ತು. ಬುಧವಾರ ಆಯ್ಪೆರಿಯ ಅಜ್ಜಿಯನ್ನು ಉಸಿರಾಟದ ತೊಂದರೆಯೆಂದು ಆಂಬುಲೆನ್ಸಿನಲ್ಲಿ ಒಯ್ದರು. ಹುಡುಗಿಯ ಅಪ್ಪ ಅಮ್ಮ ಇರುವುದು ಮಾಸ್ಕೋದಲ್ಲಿ. ಮನೆಯಲ್ಲಿದ್ದದ್ದು ಆ ಅಜ್ಜಿ ಒಬ್ಬಳೇ. ಗುರುವಾರ ತರಗತಿಯಲ್ಲಿ ಐದು ಮಕ್ಕಳು ಕೆಮ್ಮುತ್ತಿದ್ದರು.

ಇಂದು ಶುಕ್ರವಾರ. ಜಿಲ್ಲೆಯಿಂದ ಡಾಕ್ಟರು ಬಂದಿದ್ದರು. ಪುಸ್ತಕ ನೋಡಿ ಅವರು ಸಹಿ ಹಾಕಿದರೆ ಸೋಮವಾರದಿಂದ ಎರಡು, ಮೂರು, ನಾಲ್ಕನೇ ತರಗತಿಯ ತೊಂಬತ್ತು ಮಕ್ಕಳೂ ಅದೇ ಮುಚ್ಚಿದ ಕಿಟಕಿಗಳೊಳಗೆ ಬಂದು ಕೂರುತ್ತಾರೆ.

ಕಚೇರಿಯಲ್ಲಿ ಮೇಜುಬಟ್ಟೆ ಹಾಸಿ ರೊಟ್ಟಿ, ಬೆಣ್ಣೆ, ಜಾಮು ಇಟ್ಟಿದ್ದರು. ಎಲ್ಲರಿಗಿಂತ ಕಿರಿಯಳಾದ ನುರಿಜಾ ಬಾಗಿಲ ಬದಿಯಲ್ಲಿ ಕೂತು ಚಹಾ ಬಗ್ಗಿಸಬೇಕು. ಬಗ್ಗಿಸುವವಳು ಮಾತಾಡುವುದಿಲ್ಲ.

“ಮೂರು ವಾರ, ಒಬ್ಬರಿಗೂ ಜ್ವರ ಇಲ್ವಾ?” ಡಾಕ್ಟರು ಪುಟ ತಿರುವಿದರು. ಅವರ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. “ನಮ್ಮ ಆಸ್ಪತ್ರೆಯೋರನ್ನೆಲ್ಲ ಇಲ್ಲಿಗೇ ಕಳಿಸಬೇಕು ನೋಡಿ.”

“ಜ್ವರ ಬರೋಕೆ ನಮ್ಮ ಚಳಿ ಬಿಟ್ರೆ ತಾನೆ ಡಾಕ್ಟ್ರೇ!” ಎಂದು ವ್ಯಾಯಾಮದ ಮೇಷ್ಟ್ರು ಮಕ್ಸತ್ ನಕ್ಕರು.

“ಎಲ್ಲಾ ನಮ್ಮ ನುರಿಜಾದು. ಬಾಯಿ ಇಲ್ಲದ ಹುಡುಗಿ, ಕೈ ಮಾತ್ರ ಚಿನ್ನ,” ಎಂದರು ಎಜೆ. “ರೊಟ್ಟಿ ಮುರೀರಿ ಡಾಕ್ಟ್ರೇ, ಆಮೇಲೆ ಸಹಿ ಇದ್ದೇ ಇದೆ.”

ಡಾಕ್ಟರು ಪೆನ್ನು ತೆಗೆದರು. ಗೋಡೆಯಾಚೆ ಯಾವುದೋ ಮಗು ಬಿಟ್ಟೂ ಬಿಡದೆ ಕೆಮ್ಮುತ್ತಿತ್ತು. ನುರಿಜಾ ಆ ಕೆಮ್ಮು ನಿಲ್ಲಲೆಂದು ಕಾಯುತ್ತಾ ಬಗ್ಗಿಸುತ್ತಲೇ ಇದ್ದಳು. ಚಹಾ ಬಟ್ಟಲಿನ ಅಂಚಿಗೆ ಬಂತು, ತುಳುಕಿ ತಟ್ಟೆಗೆ ಇಳಿಯಿತು. ಅದನ್ನೇ ಡಾಕ್ಟರ ಮುಂದಿಟ್ಟಳು.

ಎಲ್ಲರೂ ಬಟ್ಟಲನ್ನೇ ನೋಡಿದರು. ಅತಿಥಿಗೆ ಅರ್ಧ ಬಟ್ಟಲು ಕೊಟ್ಟು ಮತ್ತೆ ಮತ್ತೆ ತುಂಬಬೇಕು. ತುಂಬಿದ ಬಟ್ಟಲು ಕೊಟ್ಟರೆ ಇದನ್ನು ಕುಡಿದು ಹೊರಡು ಎಂದಂತೆ.

“ಅಯ್ಯೋ, ಬಂದೋರನ್ನ ಓಡಿಸ್ತಿದ್ದೀಯೇನೇ!” ಎಜೆಯ ಮುಖ ಕೆಂಪಾಯಿತು. “ಮನೇಲಿ ಇಷ್ಟೂ ಕಲಿಸಿಲ್ವಾ?”

ಮಕ್ಸತ್ ಹೋ ಎಂದು ನಕ್ಕರು. “ಪರವಾಗಿಲ್ಲ ತಂಗಿ, ನನಗೂ ಹೊರಡೋಕೆ ಹೊತ್ತಾಯ್ತು,” ಎಂದು ಡಾಕ್ಟರೂ ನಕ್ಕು ಪೆನ್ನನ್ನು ಕಾಗದಕ್ಕೆ ತಂದರು.

ನುರಿಜಾಳ ಕಿವಿ ಸುಡುತ್ತಿತ್ತು. ಇಷ್ಟು ಜನ ಒಟ್ಟಿಗೆ ತನ್ನನ್ನು ನೋಡಿದ್ದು ಅವಳಿಗೆ ನೆನಪಿಲ್ಲ. ಇನ್ನು ಕಳೆದುಕೊಳ್ಳುವ ಮಾನವೂ ಉಳಿದಿರಲಿಲ್ಲ. ಚಹಾದ ಕೆಟಲನ್ನು ಕೆಳಗಿಟ್ಟಳು.

“ಡಾಕ್ಟ್ರೇ, ಬಾಗಿಲಲ್ಲಿ ಯಂತ್ರ ಒಂದು ದಿನಾನೂ ಅಂಕಿ ತೋರಿಸಿಲ್ಲ. ಅದರಲ್ಲಿರೋದೆಲ್ಲ ನಾನೇ ಸುಮ್ಮನೆ ಬರೆದದ್ದು.”