ಮೂರನೆಯ ಕೆನ್ನೆ

ಮೂರನೆಯ ಮುತ್ತು ಗಾಳಿಗೆ ಬಿತ್ತು. ಸೊಲೀನ್ ಎರಡು ಸಲ ಕೆನ್ನೆ ತಾಗಿಸಿ ಆಗಲೇ ಹಿಂದೆ ಸರಿದಿದ್ದಳು. ಥಿಯೆರಿ ಮಾತ್ರ ಸ್ಟೇಷನ್ನಿನ ಜನಜಂಗುಳಿಯ ನಡುವೆ ಕತ್ತು ಚಾಚಿಕೊಂಡು ನಿಂತಿದ್ದ.

"ಅಯ್ಯೋ, ನಿಮ್ಮ ಕಡೆ ಮೂರಲ್ವಾ! ಮರೆತೇಹೋಯ್ತು," ಎಂದು ಮಗಳು ನಕ್ಕಳು.

ನಿಮ್ಮ ಕಡೆಯಂತೆ! ಅವನು ಹುಟ್ಟಿದ್ದು ಇದೇ ಲಿಯೋನಿನಲ್ಲಿ, ಗುಡ್ಡದ ಮೇಲಿನ ನೇಕಾರರ ಕೇರಿಯಲ್ಲಿ. ಭೇಟಿಗೂ ಬೀಳ್ಕೊಡುಗೆಗೂ ಇಲ್ಲಿ ಕೆನ್ನೆಗೆ ಎರಡೇ ಮುತ್ತು ಎಂಬುದನ್ನು ಹಾಲುಹಲ್ಲಿನ ಕಾಲದಲ್ಲೇ ಕಲಿತವನು. ಹೆಂಡತಿಯನ್ನೂ ಪುಟ್ಟ ಮಗಳನ್ನೂ ಬಿಟ್ಟು ಮೊಂಪೆಲಿಯೇಗೆ ತತ್ತ್ವಶಾಸ್ತ್ರ ಕಲಿಸಲು ಹೋದ ಮೇಲೆ ದಕ್ಷಿಣದವರ ಮೂರು ಯಾವಾಗ ಕತ್ತಿಗೆ ಅಂಟಿಕೊಂಡಿತೋ ಅವನಿಗೇ ತಿಳಿಯದು. ಸಂಜೆ ಹೊರಡುವಾಗ ಎರಡೇ ಎಂದು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡ.

ಜೂನಿನಲ್ಲಿ ಸೊಲೀನಳ ಮದುವೆ. ನಗರಸಭೆಯ ಮದುವೆ ಕೋಣೆಗೆ ಅಪ್ಪನ ಸ್ಥಾನದಲ್ಲಿ ಅವಳ ತೋಳು ಹಿಡಿದು ನಡೆಯುವವರು ಯಾರು ಎಂಬ ಮಾತು ಇನ್ನೂ ಬಂದಿರಲಿಲ್ಲ. "ಒಂದಿನ ಬನ್ನಿ, ಸುಮ್ನೆ ಊರು ಸುತ್ತೋಣ," ಎಂದು ಅವಳೇ ಫೋನ್ ಮಾಡಿದಾಗ, ಅದನ್ನು ಕೇಳಲಿಕ್ಕೇ ಕರೆಯುತ್ತಿದ್ದಾಳೆಂದು ಅವನು ಹಿಗ್ಗಿದ್ದ. ಬೂದುಬಣ್ಣದ ಹೊಸ ಸೂಟು ಹೊಲಿಸಿ ಬೀರುವಿನಲ್ಲಿ ತೂಗುಹಾಕಿಯೂ ಆಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ.

ಹಳೆಯ ಪೇಟೆಯಲ್ಲಿ ಅವಳು ಇಗರ್ಜಿಯ ಗಡಿಯಾರ ತೋರಿಸಿದಳು. "ನೋಡಿ, ಎಷ್ಟು ಹಳೇದು."

"ಹೌದಾ?" ಎಂದ ಥಿಯೆರಿ. ಅದೇ ಗಡಿಯಾರದ ಕೆಳಗೆ ತುಂಟತನ ಮಾಡಿ ಅಮ್ಮನ ಕೈಯಲ್ಲಿ ಏಟು ತಿಂದಿದ್ದ. ಹೇಳಬಹುದಿತ್ತು. ಹೇಳಿದರೆ ಇಷ್ಟು ವರ್ಷ ಎಲ್ಲಿದ್ದಿರಿ ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತಿತ್ತು.

ಬೀದಿಗೋಡೆಯ ಗುಂಡಿ ಒತ್ತಿ ಅವಳು ಒಂದು ಮರದ ಬಾಗಿಲು ತಳ್ಳಿದಳು. ಮನೆಗಳ ಹೊಟ್ಟೆಯೊಳಗೆ ಹಾಯ್ದು ಆಚೆ ಬೀದಿಗೆ ತಲುಪಿಸುವ ಕತ್ತಲ ದಾರಿ; ಊರ ಬಾಯಲ್ಲಿ ಟ್ರಾಬೂಲ್. ಮಧ್ಯಾಹ್ನದವರೆಗೆ ಈ ಗುಂಡಿ ಯಾರಿಗೆ ಬೇಕಾದರೂ ಬಾಗಿಲು ತೆರೆಯುತ್ತದೆ, ಆಮೇಲೆ ಮನೆಯವರಿಗಷ್ಟೇ. ಒಳಗೆ ಇನ್ನೊಂದು ಗುಂಡಿ ಒತ್ತಿದರೆ ದೀಪ. ಅದು ತುಸು ಹೊತ್ತು ಉರಿದು ತಾನೇ ಆರುತ್ತದೆ.

ಅಂಗಳದಲ್ಲಿ ಅವಳು ಮೇಲಿನ ಕಿಟಕಿ ತೋರಿಸಿದಳು. "ನಮ್ಮನೆ. ಅಮ್ಮ, ಜಿಲ್ಬೇರ್ ಇಬ್ರೂ ಇನ್ನೂ ಎದ್ದಿರಲ್ಲ." ಮೇಲೆ ಬನ್ನಿ ಎನ್ನಲಿಲ್ಲ. ಜಿಲ್ಬೇರ್ ಅವಳ ತಾಯಿಯ ಎರಡನೆಯ ಗಂಡ.

"ಸೊಲೀನ್, ಜೂನಿನಲ್ಲಿ..." ಎಂದು ಅಂಗಳ ದಾಟಿ ಮತ್ತೆ ಕತ್ತಲ ದಾರಿ ಹೊಕ್ಕಾಗ ಥಿಯೆರಿ ಬಾಯಿ ತೆರೆದ. ದಾರಿಯ ದೀಪ ಆರಿತು.

ಅವಳು ಗುಂಡಿ ಒತ್ತಿದಳು. "ಏನೋ ಹೇಳ್ತಿದ್ರಿ?"

"ಏನಿಲ್ಲ. ಜೂನಿನಲ್ಲಿ ಇಲ್ಲಿ ತುಂಬಾ ಸೆಕೆ ಇರುತ್ತಾ ಅಂತ."

"ಇರುತ್ತೆ."

ಮನುಷ್ಯ ಮನುಷ್ಯನನ್ನು ತಲುಪುವ ಬಗೆ ಎಂಬುದರ ಮೇಲೆ ವರ್ಷವಿಡೀ ಪಾಠ ಹೇಳಿದ ಪ್ರೊಫೆಸರು ಮಗಳ ಹಿಂದೆ ನಡೆದ.

ಊಟದ ಹೋಟೆಲಿನ ಒಡತಿ ಮಾದಾಂ ಬೆರ್ಥಿಯೆ ಮೀನಿನ ಕಡುಬಿನ ತಟ್ಟೆಯನ್ನೂ ದಪ್ಪ ತಳದ ಬಾಟಲಿಯಲ್ಲಿ ವೈನನ್ನೂ ತಂದಿಟ್ಟಳು. "ಮಾತು ಕೇಳಿದ್ರೇ ಗೊತ್ತಾಗುತ್ತೆ, ದಕ್ಷಿಣದ ಬಿಸಿಲು ಸೀಮೆಯವರು! ನಮ್ಮೂರು ಹಿಡಿಸ್ತಾ ಸ್ವಾಮಿ?"

"ಹಿಡಿಸ್ತು."

ಸೊಲೀನ್ ತಿದ್ದಲಿಲ್ಲ, ತಟ್ಟೆ ನೋಡುತ್ತಿದ್ದಳು.

"ಏನೇ ಹುಡುಗಿ, ನಿಮ್ಮಪ್ಪಂದು ಸೂಟು ಬಂತಾ?" ಒಡತಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು. "ಮೊನ್ನೆ ಇಲ್ಲೇ ಕೂತು ಒಂದೇ ಸಮ ಅದೇ ಮಾತು. ನಿನ್ನ ತೋಳು ಹಿಡಿದು ನಡೆಯೋವಾಗ ಜಿಲ್ಬೇರ್ ಗೊಳೋ ಅಂತ ಅಳದಿದ್ರೆ ನನ್ನ ಹೆಸರು ಬದಲಾಯಿಸು!"

ಒಡತಿ ನಗುತ್ತ ಒಳಗೆ ಹೋದಳು. ಇಬ್ಬರೂ ಸ್ವಲ್ಪ ಹೊತ್ತು ಕಡುಬನ್ನೇ ಕತ್ತರಿಸಿದರು.

"ಅದನ್ನೇ ಹೇಳೋಣ ಅಂತ ಕರೆದಿದ್ದೆ," ಎಂದಳು ಸೊಲೀನ್.

"ಒಳ್ಳೇದೇ ಆಯ್ತು ಬಿಡು. ನನಗೂ ಜೂನಿನಲ್ಲಿ ಪರೀಕ್ಷೆಗಳ ಕಾಟ."

"ನೀವು ಬರ್ಬೇಕು. ಮುಂದಿನ ಸಾಲಲ್ಲೇ ಕುರ್ಚಿ."

"ನೋಡೋಣ."

 ಅವಳಿಗೆ ಜ್ವರ ಬಂದಾಗ ಪಕ್ಕದಲ್ಲಿ ಕೂತವನು ಜಿಲ್ಬೇರ್, ಸೈಕಲ್ ಕಲಿಸಿದವನು ಜಿಲ್ಬೇರ್. ನ್ಯಾಯವಾಗಿಯೇ ಇತ್ತು, ಅದಕ್ಕೇ ಸಿಟ್ಟು ಮಾಡಿಕೊಳ್ಳಲೂ ದಾರಿಯಿರಲಿಲ್ಲ. ಕಡುಬು ಚೆನ್ನಾಗಿದೆ ಎಂದ.

ಮಧ್ಯಾಹ್ನವೆಲ್ಲ ಸೋನ್ ನದಿಯ ದಂಡೆಯಲ್ಲಿ ನಡೆದರು. ಸೇತುವೆಗಳ ಬಗ್ಗೆ, ಹಳೆಯ ಪುಸ್ತಕದಂಗಡಿಗಳ ಬಗ್ಗೆ, ಮೋಡದ ಬಗ್ಗೆ ಮಾತಾಡಿದರು. ಬೆಳಗಿನಿಂದ ಅವಳು ತನ್ನನ್ನು ಏನೆಂದೂ ಕರೆದಿಲ್ಲ ಎಂದು ಥಿಯೆರಿಗೆ ಹೊಳೆದದ್ದು ಆಗಲೇ.

ಸಂಜೆ ಅದೇ ಮರದ ಬಾಗಿಲ ಮುಂದೆ ನಿಂತರು. "ನಾನು ಇಲ್ಲಿಂದಾನೇ ಹೋಗ್ತೀನಿ. ನೀವು ಹೀಗೇ ಇಳಿದ್ರೆ ಮೆಟ್ರೋ."

ಅವನು ಸಿದ್ಧನಾಗಿದ್ದ. ಎಡಕ್ಕೊಂದು, ಬಲಕ್ಕೊಂದು, ಅಷ್ಟೇ. ಊರಿನವನ ಹಾಗೆ ಥಟ್ಟನೆ ಹಿಂದೆ ಸರಿದ.

ಸೊಲೀನ್ ಈ ಸಲ ಮರೆತಿರಲಿಲ್ಲ. ದೂರದ ನೆಂಟರಿಗೆ ಕೊಡುವ ಮರ್ಯಾದೆಯಿಂದ ಮೂರನೆಯ ಸಲ ಕೆನ್ನೆ ಮುಂದೆ ಮಾಡಿದ್ದಳು. ಕೆನ್ನೆ ಗಾಳಿಯಲ್ಲಿ ಉಳಿಯಿತು.

"ಅಯ್ಯೋ!" ಎಂದು ಇಬ್ಬರೂ ನಕ್ಕರು. ಒಂದು ಹೆಜ್ಜೆ ಮುಂದಿಟ್ಟಿದ್ದರೆ ಸಾಕಿತ್ತು. ಯಾರೂ ಇಡಲಿಲ್ಲ. ಅವಳು ಮನೆಯವರಿಗಷ್ಟೇ ಗೊತ್ತಿರುವ ಗುಟ್ಟಿನ ಅಂಕಿಗಳನ್ನು ಒತ್ತಿ ಒಳಗೆ ಹೋದಳು, ಬಾಗಿಲು ಮುಚ್ಚಿಕೊಂಡಿತು.

ಬಾಗಿಲ ತಳದ ಸಂದಿಯಲ್ಲಿ ಹಳದಿ ಬೆಳಕಿನ ಗೆರೆ ಬಂತು. ಹೆಜ್ಜೆ ಸದ್ದು ಅಂಗಳ ಮುಟ್ಟಿತು. ಆಮೇಲೆ ಕೇಳಿತು, ಇಡೀ ದಿನ ಕೇಳದಿದ್ದ ಎತ್ತರದ ದನಿ: "ಪಪ್ಪಾ! ಬಂದೇ, ಒಲೆ ಆರಿಸ್ಬೇಡ!"

ಥಿಯೆರಿ "ಏನಮ್ಮಾ" ಎನ್ನಲು ಬಾಯಿ ತೆರೆದ. ಕಣ್ಣೆದುರೇ ಫಲಕವಿತ್ತು: ದಯವಿಟ್ಟು ಸದ್ದು ಮಾಡಬೇಡಿ, ಇಲ್ಲಿ ಜನ ವಾಸವಾಗಿದ್ದಾರೆ. ಬಾಯಿ ಮುಚ್ಚಿ ಬೆಳಗಿನ ಗುಂಡಿ ಒತ್ತಿದ. ಬಾಗಿಲು ಅಲುಗಲಿಲ್ಲ.

ಸಂದಿಯ ಬೆಳಕು ಆರಿತು. ದೀಪದ ಗುಂಡಿಗಾಗಿ ಅವನ ಕೈ ಹೊರಗೋಡೆಯ ಮೇಲೆ ಕುರುಡನ ಕೈಯಂತೆ ತಡಕಾಡತೊಡಗಿತು. ಬೀದಿಯಲ್ಲಿ ಇನ್ನೂ ಹಗಲಿತ್ತು.